ಕರಡಿಗೆಯ ನೆರಳು

ಗ್ಯಾನಮ್ಮ ಎಕ್ಸ್-ರೇ ಫಿಲ್ಮನ್ನು ಮೇಜಿನ ಮೇಲೆ ಬಡಿದಳು.

"ಇದರಾಗ ನಮ್ಮಪ್ಪನ ಎದಿ ಎಲ್ಲೈತಿ? ತೋರಸ್ರಿ."

ಲಿಂಗಸುಗೂರಿನ ಆ ಖಾಸಗಿ ದವಾಖಾನೆಯಲ್ಲಿ ಎಕ್ಸ್-ರೇ ತೆಗೆಯುತ್ತಿದ್ದ ಆದೆಪ್ಪ, ಎಂದಿನಂತೆ ಡಾಕ್ಟರರ ದನಿ ತೆಗೆದ. "ಏನಮ್ಮಾ, ಸ್ವಲ್ಪ ಉಸಿರು ಎಳ್ಕೋ..."

"ನಿಮ್ಮ ಆಟ ಸಾಕು."

ಅವನ ನಗು ಆರಿತು.

ಎಂಟು ತಿಂಗಳಿಂದ ಅವಳು ತಂದೆ ಕರಿಬಸಪ್ಪನನ್ನು ಮಸ್ಕಿಯಿಂದ ಕರೆತಂದು ಕ್ಷಯದ ಇಂಜೆಕ್ಷನ್ ಹಾಕಿಸುತ್ತಿದ್ದಳು. ಅವಳನ್ನು ನಗಿಸಲೆಂದೇ ಆದೆಪ್ಪ ಡಾಕ್ಟರನ್ನು, ಕಂಡಕ್ಟರನ್ನು, ಏರಿನಲ್ಲಿ ಕೆಮ್ಮುವ ಬಸ್ಸನ್ನೂ ಅಣಕಿಸುತ್ತಿದ್ದ. ಅವಳು ನಕ್ಕ ದಿನ ಅವನಿಗೆ ಹಬ್ಬ... ಅವಳಿಗೂ.

"ಎಂಟು ತಿಂಗಳು ನಮ್ಮಪ್ಪನ ಗಂಗಾಳ ಬ್ಯಾರೆ, ಲೋಟ ಬ್ಯಾರೆ. ಮೊಮ್ಮಕ್ಕಳು ಹೊಸ್ತಿಲದಾಚೆ. ಈಗ ಹೊಸ ಡಾಕ್ಟರು ಇದು ಕ್ಷಯ ಅಲ್ಲ ಅಂತಾರ. ಈ ಬಿಳಿ ಕಲಿ ಹಿಂದ ಏನೈತೋ ಕಾಣವಲ್ದಂತ."

ಬಿಳಿ ಕಲೆ, ಕರಿಬಸಪ್ಪನ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯದು.

"ತೆಗಿಸ್ಬೇಕಿತ್ತು. ನಂದ ತಪ್ಪು," ಎಂದ ಆದೆಪ್ಪ.

ಅಷ್ಟೇನಾ? ಜಗಳಕ್ಕಾದರೂ ನಿಲ್ಲಬಾರದೇ ಇವನು? ಅವಳ ಮೈ ಉರಿಯಿತು.

ಅಷ್ಟರಲ್ಲಿ ಹೊಸ ಡಾಕ್ಟರು ಕರಿಬಸಪ್ಪನನ್ನು ಒಳಗೆ ಕರೆತಂದರು. "ಇನ್ನೊಂದು ಫಿಲ್ಮ್ ತೆಗಿ. ಕರಡಿಗೆ ಬೇಡ."

ಮುದುಕ ಎದೆಗೆ ಎರಡೂ ಕೈ ಒತ್ತಿಕೊಂಡ. "ಜೀವ ಹ್ವಾದ್ರೂ ಮೈಮ್ಯಾಲಿಂದ ಲಿಂಗ ತೆಗ್ಯಾಂಗಿಲ್ಲ."

ಆದೆಪ್ಪ ಅವನೆದುರು ಕುಕ್ಕರಗಾಲಲ್ಲಿ ಕುಳಿತ. "ಯಪ್ಪಾ, ದಿನಾ ಪೂಜಿ ಎಲ್ಲಿಟ್ಕೊಂಡು ಮಾಡ್ತೀರಿ?"

"ಎಡಗೈ ಅಂಗೈಯಾಗ."

"ಹಂಗ ಅಂಗೈಯಾಗ ಹಿಡಕೊಂಡು, ಕೈ ದೂರ ಚಾಚ್ರಿ. ಲಿಂಗ ಮೈಮ್ಯಾಲೇ ಇರತೈತಿ."

ಹಸಿ ಫಿಲ್ಮನ್ನು ಬೆಳಕಿಗೆ ಹಿಡಿದಾಗ, ಮೊದಲು ಕರಡಿಗೆಯ ಕಲೆ ಇದ್ದ ಜಾಗದಲ್ಲಿ ಈಗಲೂ ಒಂದು ಬಿಳಿ ಗಂಟು ಕಾಣುತ್ತಿತ್ತು.

"ಮಿಲ್ಲಿನಲ್ಲಿದ್ದೆ ಅಂದೆಯಲ್ಲ, ಬಾಯ್ಲರಿಗೆ ಕಲ್ನಾರು, ಅದೇ ಆಸ್ಬೆಸ್ಟಾಸ್, ಸುತ್ತಿದ್ದೀಯಾ?" ಡಾಕ್ಟರು ಕೇಳಿದರು.

"ನಿಜಾಮರ ಕಾಲದಿಂದ, ಇಪ್ಪತ್ತೆಂಟು ವರ್ಷ ರೀ. ಮೈತುಂಬ ಬಿಳಿ ದೂಳು. ಹಿಟ್ಟಿನ ಗಿರಣಿಯವ ಬಂದ ಅಂತ ಮಂದಿ ನಗತಿದ್ರು."

ಡಾಕ್ಟರು ಗ್ಯಾನಮ್ಮ, ಆದೆಪ್ಪ ಇಬ್ಬರನ್ನೂ ಹೊರಗೆ ಕರೆದರು. "ಕ್ಯಾನ್ಸರ್ ಇರಬೇಕು, ಆ ದೂಳಿನಿಂದಲೇ. ಹೈದರಾಬಾದಿನಲ್ಲಿ ಗಂಟಿನ ಚೂರು ತೆಗೆದು ನೋಡಿದರೆ ಖಚಿತ. ಎಂಟು ತಿಂಗಳ ಹಿಂದೆ ಆ ಫಿಲ್ಮ್ ತೆಗೆಯುವಾಗ ಕರಡಿಗೆ ಇರಲಿ ಅಂದವರು ಯಾರು?"

ಗ್ಯಾನಮ್ಮ ಬಾಯಿ ತೆರೆಯುವ ಮೊದಲೇ ಆದೆಪ್ಪ ಹೇಳಿದ, "ನಾನ ರೀ. ಬರದು ಕೊಡ್ತೀನಿ."

ಡಾಕ್ಟರು ಒಳಗೆ ಹೋದರು. ಅವಳ ಕಿವಿಯಲ್ಲಿ ಅವಳದೇ ಹಳೆಯ ಮಾತು... ತೆಗಿಸ್ಬ್ಯಾಡ್ರಿ, ಅಪ್ಪಗ ನೋವಾಕ್ಕೈತಿ.

"ಸುಳ್ಳ್ಯಾಕ ಹೇಳಿದ್ರಿ? ಬ್ಯಾಡ ಅಂದಾಕಿ ನಾನು."

"ಮಷೀನು ನಂದು. ನಿನ್ನ ಮೆಚ್ಚಿಸ್ಬೇಕಿತ್ತು ನನಗ."

"ನನ್ನ ಮೆಚ್ಚಿಸಾಕ ನಮ್ಮಪ್ಪನ ಎದಿ ನೋಡೂದು ಬಿಟ್ರಿ."

"ಹೌದು."

ಅವಳು ಸಿಟ್ಟಿನಲ್ಲೇ ಅತ್ತಳು. ಮಿಲ್ಲಿನ ಮೇಲೆ, ಇವನ ಮೇಲೆ, ತನ್ನ ಮೇಲೆ.

ಅವನು ಕಂಡಕ್ಟರನ ದನಿ ತೆಗೆದ, "ಹೈದರಾಬಾದ್, ಹೈದರಾಬಾ..."

"ಬ್ಯಾರೆಯವರ ದನಿ ಬ್ಯಾಡ. ನಿಮ್ಮ ದನ್ಯಾಗ ಹೇಳ್ರಿ."

ಅವನ ಸ್ವಂತ ದನಿ ಇಷ್ಟು ಮೆತ್ತಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ನೀ ಅಂದ್ರ ನನಗ ಜೀವ, ಗ್ಯಾನಮ್ಮ. ಅಪ್ಪನ ಜೋಡಿ ನಾನೂ ಬರ್ಲೇನು?"

ಅವಳು ಚೀಲದಿಂದ ತಂದೆಗೆಂದೇ ಬೇರೆ ಇಟ್ಟಿದ್ದ ಲೋಟ ತೆಗೆದು ನೀರು ತುಂಬಿದಳು. ತಾನೊಂದು ಗುಟುಕು ಕುಡಿದು ಆದೆಪ್ಪನೆಡೆಗೆ ಚಾಚಿದಳು.

"ಬಸ್ಸು ಎರಡಕ್ಕೈತಿ."

"ನಿನ್ನ ಸಿಟ್ಟು?"

"ಅದೂ ಜೋಡಿ ಬರತೈತಿ. ಕುಡೀರಿ."