ಹೋಗಿ ಬಾ ಅನ್ನದ ಅಜ್ಜಿ

ಇದು ಮರದ ಗೊಂಬೆಗೂ ನಾಲಿಗೆ ಇದ್ದ ಕಾಲದ ಮಾತು. ಆಗ ಕೇದಗೆನಾಡು ಎಂಬ ರಾಜ್ಯದಲ್ಲಿ ಚಂದಲೆ ಎಂಬ ಹುಡುಗಿ ಇದ್ದಳು. ಅವಳ ಕಸುಬು ಮಾತು ಬರೆಯುವುದು. ನಗಬೇಡಿ, ಕುಂಬಾರಿಕೆ, ಕಮ್ಮಾರಿಕೆಯ ಹಾಗೆ ಆ ನಾಡಿನಲ್ಲಿ ಅದೂ ಒಂದು ಕಸುಬೇ ಆಗಿತ್ತು.

ಊರಾಚೆ ಹೊಳೆಯ ದಡದಲ್ಲಿ ಕೂಟಸಿದ್ಧನೆಂಬ ಮಾಂತ್ರಿಕ ಒಂದು ಆಟದ ಕೋಟೆ ಕಟ್ಟಿದ್ದ. ಅದರೊಳಗೆ ಕಾಲಿಟ್ಟವರು ತಾವೇ ಒಂದು ಕತೆಯ ವೀರರಾಗುತ್ತಿದ್ದರು. ಮೊಸಳೆಯ ಬೆನ್ನೇರಿ ಹೊಳೆ ದಾಟಬೇಕು, ಹುಲಿಯನ್ನು ಎದುರಿಸಬೇಕು, ಕೊನೆಗೆ ಒಬ್ಬ ಅಜ್ಜಿಯ ಮನೆ ಹೊಕ್ಕು ಹಿತ್ತಿಲ ಬಾಗಿಲಿನಿಂದ ಹೊರಗೆ ಬರಬೇಕು. ಮೊಸಳೆ, ಹುಲಿ, ಅಜ್ಜಿ ಎಲ್ಲರೂ ಮಂತ್ರದಿಂದ ಜೀವ ಬಂದ ಮರದ ಗೊಂಬೆಗಳು. ಮಾತಾಡುವ ಗೊಂಬೆಗಳ ನಾಲಿಗೆಯ ಕೆಳಗೆ ಒಂದೊಂದು ತಾಳೆಯೋಲೆ ಇರುತ್ತಿತ್ತು, ಅದರಲ್ಲಿ ಬರೆದಷ್ಟನ್ನೇ ಅವು ಆಡುತ್ತಿದ್ದವು. ಗೊಂಬೆ ಮಾತು ಮುಗಿಸಿದ ಕೂಡಲೇ ಆಡುವವರ ಎದುರು ಮೂರು ಹಲಗೆಗಳು ಇಳಿದು ಬರುತ್ತಿದ್ದವು, ಮೂರರ ಮೇಲೆ ಮೂರು ಉತ್ತರ. ಬೇಕಾದ್ದನ್ನು ಆರಿಸಿ ಓದಿದರೆ ಗೊಂಬೆ ಅದಕ್ಕೆ ತಕ್ಕ ಮರುಮಾತು ಆಡುತ್ತಿತ್ತು. ಮಾತು, ಉತ್ತರ, ಮರುಮಾತು ಎಲ್ಲವನ್ನೂ ಬರೆದವಳು ಚಂದಲೆ.

ಆದರೆ ಚಂದಲೆ ಕೋಟೆಯೊಳಗೆ ಒಂದು ಸಲವೂ ಹೋದವಳಲ್ಲ. ಬರೆಯುವವರು ಒಳಗೆ ಬರಕೂಡದು ಎಂಬುದು ಮಾಂತ್ರಿಕನ ಕಟ್ಟಪ್ಪಣೆ. ಅವಳು ಮನೆಯ ಜಗಲಿಯಲ್ಲಿ ಕೂತು ಚೂಪು ಮೊನೆಯ ಕಬ್ಬಿಣದ ಕಂಟದಿಂದ ಓಲೆ ಕೊರೆದು ಕಳಿಸುತ್ತಿದ್ದಳು, ಅಷ್ಟೇ. ಮಾತಿನ ಆರಂಭವೆಂದರೆ ಅವಳಿಗೆ ಎಲ್ಲಿಲ್ಲದ ಹಿಗ್ಗು. ಮುಗಿಸುವುದೆಂದರೆ ಬೇಸರ. ಅಜ್ಜಿಯ ಕೊನೆಯ ಮರುಮಾತು ಬರೆಯುವುದು ಬಾಕಿ ಇದ್ದಾಗ ಕೂಟಸಿದ್ಧ ನಗುನಗುತ್ತಾ ಹೇಳಿದ್ದ: "ಆಟ ಮುಗಿದ ಮೇಲೆ ಮಾತು ಯಾಕಮ್ಮ? ಬಾಗಿಲು ತೆರೆದೇ ಇರುತ್ತೆ, ಎದ್ದು ಹೋಗ್ತಾರೆ ಬಿಡು." ಚಂದಲೆ ಬದುಕಿದೆಯಾ ಬಡಜೀವವೇ ಎಂದು ಕಂಟವನ್ನು ಒರೆಸಿಟ್ಟಿದ್ದಳು.

ಈಗ ಆ ನಾಡಿನ ಒಂದು ರೂಢಿ ಹೇಳಬೇಕು. ಕೇದಗೆನಾಡಿನಲ್ಲಿ ಯಾರೂ ಸುಮ್ಮನೆ ಎದ್ದು ಹೋಗುವುದಿಲ್ಲ. ಹೊರಡುವವರು "ಹೋಗಿ ಬರ್ತೀನಿ" ಅನ್ನಬೇಕು, ಮನೆಯಲ್ಲಿರುವವರು "ಹೋಗಿ ಬಾ" ಅನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಯಾರ ಕಾಲೂ ಹೊಸ್ತಿಲು ದಾಟದು. ಮನೆಗೆ ಬೆಂಕಿ ಬಿದ್ದರೂ ಹೇಳಿ ಕೇಳಿಯೇ ಹೊರಗೆ ಓಡುವ ಜನ ಅವರು.

ಚಂದಲೆಯನ್ನು ಸಾಕಿದವಳು ಅಕ್ಕ ಮಾಚಲೆ. ಒಂದು ದಿನ ಅವಳು ರೊಟ್ಟಿಯ ತಟ್ಟೆ ತಂದು ತಂಗಿಯ ಪಕ್ಕದಲ್ಲಿಟ್ಟಳು.

"ತಿನ್ನೇ, ಆರಿಹೋಗುತ್ತೆ."

"ಊಂ."

"ಒಂದ್ಸಲ ತಲೆ ಎತ್ತಿ ನೋಡೇ ಚಂದಿ. ಗೊಂಬೆಗಳಿಗೆ ಅಷ್ಟೊಂದು ಮಾತು, ನನಗೆ ಬರೀ ಊಂ."

"ಊಂ."

"ಹಾಗಾದ್ರೆ ನಾನೂ ಆ ಕೋಟೆಗೇ ಹೋಗ್ತೀನಿ. ನಿನ್ನ ಮಾತು ಅಲ್ಲಾದ್ರೂ ಕೇಳಬಹುದು." ಮಾಚಲೆ ಸೆರಗು ಸಿಕ್ಕಿಸಿಕೊಂಡು ಹೊಸ್ತಿಲ ಹತ್ತಿರ ನಿಂತಳು. "ಹೋಗಿ ಬರ್ತೀನಿ ಚಂದಿ."

"ಊಂ."

ಮಾಚಲೆ ಕಾದಳು. ಓಲೆ ಕೊರೆಯುವ ಕರಕರ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಆಮೇಲೆ ಆ ನಾಡಿನಲ್ಲಿ ಯಾರೂ ಮಾಡದ ಕೆಲಸವನ್ನು ಅವಳು ಮಾಡಿದಳು. ಹೋಗಿ ಬಾ ಅನ್ನಿಸಿಕೊಳ್ಳದೆಯೇ ಹೊಸ್ತಿಲು ದಾಟಿದಳು.

ಒಂದು ದಿನವಾಯಿತು, ಎರಡಾಯಿತು, ಎಂಟಾಯಿತು. ಅಕ್ಕ ಬರಲಿಲ್ಲ. ಚಂದಲೆ ರಾಜನಲ್ಲಿಗೆ ಓಡಿದಳು. ರಾಜ ಮೀಸೆ ತಿರುವುತ್ತಾ, "ಹೋದವರು ಬರ್ತಾನೇ ಇಲ್ಲ ಅಂದ್ರೆ ಆಟ ಅಷ್ಟು ಚೆನ್ನಾಗಿದೆ ಅಂತಾಯ್ತು! ನೀನು ಖುಷಿಪಡಬೇಕಮ್ಮ" ಎಂದ. ರಾಜರ ಬುದ್ಧಿ ಕೆಲವೊಮ್ಮೆ ಹಾಗೆಯೇ.

ಮರುದಿನ ಮಾತು ಬರೆಸಲೆಂದು ಕೋಟೆಯಿಂದ ಒಂದು ಹೊಸ ಗೊಂಬೆ ಬಂತು. ಚಂದಲೆ ಅದರ ಕೈ ನೋಡಿದಳು. ಮರದ ಉಗುರುಗಳ ಸಂದಿಯಲ್ಲಿ ನಿಜವಾದ ಜೇಡಿಮಣ್ಣು ಇತ್ತು. ಹೋದ ತಿಂಗಳು ಆಟಕ್ಕೆಂದು ಹೋದ ಕುಂಬಾರನಿಗೂ ಎಡಗೈಯ ಕಿರುಬೆರಳು ಹೀಗೇ ಸೊಟ್ಟಗಿತ್ತಲ್ಲ! ಕೋಟೆಗೆ ಒಬ್ಬ ಬಡಗಿಯೂ ಹೋದದ್ದನ್ನು ಯಾರೂ ಕಂಡಿಲ್ಲ, ಆದರೂ ವಾರಕ್ಕೊಂದು ಹೊಸ ಗೊಂಬೆ ಬರುತ್ತಿದೆ. ಹೋದವರೇ ಗೊಂಬೆಗಳಾಗುತ್ತಿದ್ದಾರೆಯೇ? ತಾನು ಬರೆದ ಮಾತಿಗೂ ಇದಕ್ಕೂ ಏನು ಸಂಬಂಧ? ಅದನ್ನು ತಿಳಿಯದೆ ಅವಳಿಗೆ ಅನ್ನ ಇಳಿಯದಾಯಿತು. ಮನೆಯಲ್ಲಿ ಉಳಿದಿದ್ದದ್ದು ಮೂರೇ ಮೂರು ಖಾಲಿ ಓಲೆ. ಅವನ್ನೂ ಕಂಟವನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾಂತ್ರಿಕನ ಅಪ್ಪಣೆಯನ್ನು ಗಾಳಿಗೆ ತೂರಿ ಅವಳು ಕೋಟೆಯೊಳಗೆ ಕಾಲಿಟ್ಟಳು.

ಮೊದಲು ಸಿಕ್ಕಿದ್ದು ಹೊಳೆ, ಹೊಳೆಯಲ್ಲಿ ಮೊಸಳೆ. ಅದು ಬಾಯಿ ತೆರೆದು ಶುರುಮಾಡಿತು: "ಎಲೈ ಪಯಣಿಗನೇ ಕೇಳು! ನನ್ನ ಮುತ್ತಾತನ ಮುತ್ತಾತನು ಪಾತಾಳದಿಂದ ಎದ್ದು ಬಂದ ವೃತ್ತಾಂತವನ್ನು..." ಮುತ್ತಾತ ಮುಗಿದು ಅವನ ತಮ್ಮ ಬಂದ, ತಮ್ಮ ಮುಗಿದು ಸೋದರಳಿಯ ಬಂದ. ಬಿಸಿಲು ನೆತ್ತಿಗೇರಿತು. ಮೊಸಳೆಯ ದವಡೆ ನೋವಿನಿಂದ ನಡುಗುತ್ತಿತ್ತು, ಆದರೂ ಮಾತು ನಿಲ್ಲದು, ಹಲಗೆ ಇಳಿಯದು.

"ಇಷ್ಟುದ್ದ ಬರೆದ ಪುಣ್ಯಾತ್ಮರು ಯಾರು?" ಎಂದು ಗೊಣಗಿದ ಚಂದಲೆಗೆ ನೆನಪಾಗಿ ನಾಚಿಕೆಯಾಯಿತು. ಬರೆಯುವಾಗ ಅದೆಷ್ಟು ಸೊಗಸಾಗಿ ಕಂಡಿತ್ತು! ಅವಳು ಕಣ್ಣು ಮುಚ್ಚಿ ಮೊಸಳೆಯ ಬಾಯಿಗೆ ಕೈ ಹಾಕಿ ಓಲೆಯನ್ನು ಹೊರಗೆಳೆದಳು.

"ಉಸ್ಸಪ್ಪಾ!" ಎಂದಿತು ಮೊಸಳೆ.

ಚಂದಲೆ ಹುಬ್ಬೇರಿಸಿದಳು. ಉಸ್ಸಪ್ಪಾ ಎಂದು ಅವಳು ಎಲ್ಲಿಯೂ ಬರೆದಿರಲಿಲ್ಲ. ಆಶ್ಚರ್ಯಪಡುತ್ತಲೇ ಒಂದು ಹೊಸ ಓಲೆಯಲ್ಲಿ ಎರಡೇ ಮಾತು ಕೊರೆದು ನಾಲಿಗೆಯ ಕೆಳಗಿಟ್ಟಳು. "ಬೆನ್ನೇರು, ದಾಟಿಸ್ತೀನಿ" ಎಂದಿತು ಮೊಸಳೆ, ದಾಟಿಸಿತು.

ಆಚೆ ದಡದಲ್ಲಿ ಒಬ್ಬ ಕಾವಲುಗಾರ ಗೊಂಬೆ ನಿಂತಿತ್ತು, ಅದರ ಪಕ್ಕದಲ್ಲೇ ಒಂದು ದೊಡ್ಡ ಹುಲಿ. ಚಂದಲೆಯನ್ನು ಕಂಡದ್ದೇ ಕಾವಲುಗಾರ ಸಲಾಮು ಹೊಡೆದ. "ಭಲೇ ವೀರ! ಹುಲಿಯನ್ನು ಕೊಂದು ಬಂದೆಯಾ! ನಾಡಿನ ಪೀಡೆ ತೊಲಗಿತು!"

ಹುಲಿಯ ಮುಖ ಸಣ್ಣಗಾಯಿತು. ಮರುಗಳಿಗೆಯೇ ಅದು ಘರ್ಜಿಸಿ ಪಂಜ ಎತ್ತಿತು. ಚಂದಲೆಗೆ ತನ್ನ ತಪ್ಪು ಥಟ್ಟನೆ ಹೊಳೆಯಿತು. ಎಲ್ಲರೂ ಹುಲಿಯನ್ನು ಮುಗಿಸಿಯೇ ಕಾವಲುಗಾರನ ಹತ್ತಿರ ಬರುತ್ತಾರೆ ಎಂದುಕೊಂಡು ಅವಳು ಜಗಲಿಯಲ್ಲಿ ಕೂತು ಬರೆದಿದ್ದಳು. ದಾರಿ ನೋಡಿದವಳಾಗಿದ್ದರೆ ತಾನೆ ಗೊತ್ತಾಗುವುದು? ಪಂಜದ ಕೆಳಗೆ ನುಸುಳಿ ಕಾವಲುಗಾರನ ಬಾಯಿಂದ ಓಲೆ ಕಿತ್ತಳು.

ಬಾಯಿ ಖಾಲಿಯಾದ ಕಾವಲುಗಾರ ಹುಲಿಯ ಕಡೆ ತಿರುಗಿದ. "ತಪ್ಪಾಯ್ತಪ್ಪ," ಎಂದ ಮೆಲ್ಲಗೆ. "ದಿನಾ ನಿನ್ನ ಸಾವನ್ನ ನಿನ್ನೆದುರಿಗೇ ಸಾರ್ತಾ ಇದ್ದೆ."

ಹುಲಿ ಪಂಜ ಇಳಿಸಿತು. ಇದನ್ನೂ ಚಂದಲೆ ಬರೆದಿರಲಿಲ್ಲ! ಓಲೆ ಇಲ್ಲದಿದ್ದರೆ ಗೊಂಬೆ ಮೂಕವಾಗಬೇಕಲ್ಲವೇ? ಅವಳು ಯೋಚಿಸುತ್ತಾ ಎರಡನೆಯ ಓಲೆ ಬರೆದಿಟ್ಟಳು. "ಹುಲಿ ಚೆನ್ನಾಗಿದೆ. ದಾರಿ ಅದರ ಎಡಕ್ಕೆ" ಎಂದ ಕಾವಲುಗಾರ. ಹುಲಿ ಸರಿದು ದಾರಿ ಬಿಟ್ಟಿತು.

ದಾರಿಯ ತುದಿಯಲ್ಲಿ ಅಜ್ಜಿಯ ಮನೆ. ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಅದಕ್ಕೆ ಅಗುಳಿ ಇಲ್ಲ, ಬೀಗ ಇಲ್ಲ, ಆಚೆಗೆ ಊರಿನ ಹಾದಿ ಬೆಳ್ಳಗೆ ಕಾಣುತ್ತಿತ್ತು. ಆದರೂ ಒಳಗೆ ನಲವತ್ತು ಜನ ಸಾಲಾಗಿ ಚಾಪೆಯ ಮೇಲೆ ಕೂತಿದ್ದರು. ಕೆಲವರ ಪಾದ ಮರವಾಗಿತ್ತು, ಕೆಲವರು ಸೊಂಟದವರೆಗೆ ಮರ. ಕೊನೆಯಲ್ಲಿ ಹೊಸ್ತಿಲ ಪಕ್ಕದಲ್ಲೇ ಕೂತಿದ್ದವಳು ಮಾಚಲೆ. ಅವಳು ಕುತ್ತಿಗೆಯವರೆಗೂ ಮರವಾಗಿದ್ದಳು.

"ಅಕ್ಕಾ!" ಎಂದು ಚಂದಲೆ ಕಿರುಚಿದಳು. ಅಕ್ಕ ಕಣ್ಣನ್ನು ಮಾತ್ರ ಹೊರಳಿಸಿದಳು.

ನಡುವೆ ಕೂತ ಗೊಂಬೆ ಅಜ್ಜಿ ಒಬ್ಬ ಮುದುಕನನ್ನು ಮಾತಾಡಿಸುತ್ತಿದ್ದಳು. "ಬಾ ಮಗಾ, ಕೂತ್ಕೋ. ಮಜ್ಜಿಗೆ ಕುಡಿ. ಊರಲ್ಲಿ ಎಲ್ಲ ಚೆನ್ನಾಗಿದ್ದಾರಾ?" ಮೂರು ಹಲಗೆ ಇಳಿದವು. ಮುದುಕ ಮೂರನೆಯದನ್ನು ಓದಿದ: "ಹೋಗಿ ಬರ್ತೀನಿ ಅಜ್ಜಿ."

ಅಜ್ಜಿ ಬಾಯಿ ತೆರೆದಳು. ಆ ಉತ್ತರಕ್ಕೆ ಓಲೆಯಲ್ಲಿ ಮರುಮಾತೇ ಇರಲಿಲ್ಲ. ಹಾಗಾಗಿ ಮಾತು ಮತ್ತೆ ಮೊದಲಿಗೆ ಹೋಯಿತು. "ಬಾ ಮಗಾ, ಕೂತ್ಕೋ. ಮಜ್ಜಿಗೆ ಕುಡಿ."

ಅರ್ಧ ಎದ್ದಿದ್ದ ಮುದುಕ ಮರ್ಯಾದೆಗೆ ಮತ್ತೆ ಕೂತ. ಅವನ ಮೊಣಕಾಲು ಕಟಕಟನೆ ಮರವಾಯಿತು.

ಚಂದಲೆಗೆ ಎಲ್ಲವೂ ತಿಳಿಯಿತು. ಮಾಂತ್ರಿಕನಿಗೆ ಬೀಗ ಬೇಕಿರಲಿಲ್ಲ. ಈ ಜನ ಹೋಗಿ ಬಾ ಅನ್ನಿಸಿಕೊಳ್ಳದೆ ಏಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಆ ಒಂದು ಮಾತನ್ನು ಅವಳ ಕೈಯಲ್ಲೇ ಬಿಡಿಸಿದ್ದ. ಅವಳು ಅಳುತ್ತಾ ಮೂರನೆಯ ಓಲೆಯನ್ನು ಹೊರತೆಗೆದಳು. ಕಂಟ ಊರುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಓಲೆಯನ್ನು ಕಸಿದು ಚೂರುಚೂರು ಮಾಡಿತು.

"ಬರೆಯೋಳು ಒಳಗೆ ಬರಬಾರದು ಅಂತ ಹೇಳಿರಲಿಲ್ವಾ?" ಕೂಟಸಿದ್ಧ ನಗುತ್ತಿದ್ದ. "ಓಲೆ ಮುಗೀತು. ಇನ್ನು ಏನು ಬರೀತೀಯ? ಎಲ್ಲಿ ಬರೀತೀಯ? ಬಂದವಳು ಬಂದೆ, ಮಜ್ಜಿಗೆ ಕುಡಿದು ಕೂತ್ಕೋ."

ಚಂದಲೆಯ ಕೈ ಬರಿದಾಗಿತ್ತು. ಬರಿದಾದ ಕೈ ನೋಡುತ್ತಿದ್ದವಳಿಗೆ ಬರಿದಾದ ಬಾಯಿಗಳು ನೆನಪಾದವು. ಓಲೆ ತೆಗೆದಾಗ ಮೊಸಳೆ ಉಸ್ಸಪ್ಪಾ ಅಂದಿತ್ತು, ಕಾವಲುಗಾರ ತಪ್ಪಾಯ್ತಪ್ಪ ಅಂದಿದ್ದ. ಹಾಗಾದರೆ ಅಜ್ಜಿ? ಅಜ್ಜಿ ಏನನ್ನಬಹುದು? ಹೆದರಿಕೆಯ ನಡುವೆಯೂ ಅವಳಿಗೆ ಅದನ್ನು ತಿಳಿಯುವ ಆಸೆ ಹುಟ್ಟಿತು. ಅವಳು ನುಗ್ಗಿ ಅಜ್ಜಿಯ ನಾಲಿಗೆಯ ಕೆಳಗಿನ ಓಲೆಯನ್ನು ಕಿತ್ತೆಸೆದಳು.

"ಬೇಡ! ಬಾಯಿ ಖಾಲಿ ಬಿಡಬೇಡ!" ಎಂದು ಮಾಂತ್ರಿಕ ಅರಚಿದ. ಅವನ ನಗು ಎಲ್ಲಿ ಹೋಯಿತೋ.

ಹಲಗೆಗಳು ಇಳಿಯಲಿಲ್ಲ. ಚಂದಲೆ ಕೈಮುಗಿದು ಹೇಳಿದಳು: "ಅಜ್ಜಿ, ಇವರೆಲ್ಲ ಹೋಗಿ ಬರ್ತಾರಂತೆ."

ಅಜ್ಜಿ ಸುತ್ತ ನೋಡಿದಳು, ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ. "ಅಯ್ಯೋ ನನ್ನ ಮಕ್ಕಳಾ! ಎಷ್ಟು ದಿನದಿಂದ ಕೂರಿಸಿಕೊಂಡಿದ್ದೀನಿ! ಮನೇಲಿ ಕಾಯ್ತಿರ್ತಾರೆ, ಏಳಿ, ಏಳಿ. ಹುಷಾರಾಗಿ ಹೋಗಿ ಬನ್ನಿ."

ಮರದ ಮೊಣಕಾಲುಗಳು ಮೆತ್ತಗಾದವು. ಮೂವತ್ತೊಂಬತ್ತು ಜನ ಎದ್ದು ಕಾಲು ಝಾಡಿಸಿಕೊಂಡು ಹೊಸ್ತಿಲು ದಾಟಿದರು.

ಮಾಚಲೆ ಮಾತ್ರ ಏಳಲಿಲ್ಲ. ಅವಳ ಗಲ್ಲವೂ ಮರವಾಗತೊಡಗಿತ್ತು. ಚಂದಲೆ ಅಜ್ಜಿಯ ಕಾಲು ಹಿಡಿದಳು. "ಅಕ್ಕನಿಗೂ ಹೇಳಜ್ಜಿ!"

"ನಾನು ಹೇಳಿ ಏನು ಬಂತು ಮಗಾ?" ಎಂದಳು ಅಜ್ಜಿ. "ಅವಳು ನನ್ನನ್ನ ಕೇಳಲೇ ಇಲ್ಲ. ಕೇಳಿದ್ದು ಯಾರನ್ನೋ ಏನೋ."

ಮಾಚಲೆಯ ತುಟಿ ಕಷ್ಟಪಟ್ಟು ಅಲುಗಿತು. "ಹೋಗಿ ಬರ್ತೀನಿ ಚಂದಿ" ಎಂದಳು. ಅದೇ ದನಿ, ಅಂದು ಹೊಸ್ತಿಲಲ್ಲಿ ಕೇಳಿದ ದನಿ.

ಸಾವಿರ ಓಲೆ ತುಂಬಿಸಿದ ಚಂದಲೆಗೆ ಚೆಂದದ ಮಾತು ಒಂದೂ ಬರಲಿಲ್ಲ. ಅವಳು ಅಕ್ಕನ ಮರದ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ನೋಡಿ, "ಹೋಗಿ ಬಾ ಅಕ್ಕ" ಎಂದಳು. "ಬೇಗ ಬಾ. ನೀನಿಲ್ಲದೆ ನನಗೆ ಆಗಲ್ಲ."

ಕೈಯೊಳಗಿನ ಕೆನ್ನೆ ಬೆಚ್ಚಗಾಯಿತು. ಮಾಚಲೆ ಎದ್ದು ತಂಗಿಯ ತಲೆಗೆ ಒಂದು ಮೊಟಕಿದಳು, ಆಮೇಲೆ ತಬ್ಬಿಕೊಂಡಳು. "ಆ ರೊಟ್ಟಿ ತಿಂದ್ಯಾ ಇಲ್ವಾ?" ಎಂದು ಕೇಳಿದಳು.

ಕೂಟಸಿದ್ಧ ಮೆಲ್ಲನೆ ಜಾರಿಕೊಳ್ಳುತ್ತಿದ್ದ. ಅಜ್ಜಿ ಅವನನ್ನು ಕರೆದು ನಿಲ್ಲಿಸಿದಳು. ಅವನ ಮುಖವನ್ನೇ ನೋಡುತ್ತಾ "ಹೋಗು" ಎಂದಳು. ಬಾ ಅನ್ನಲಿಲ್ಲ. ಕೇದಗೆನಾಡಿನಲ್ಲಿ ಅಂಥ ಮಾತನ್ನು ಅದುವರೆಗೆ ಯಾರೂ ಯಾರಿಗೂ ಅಂದಿರಲಿಲ್ಲ. ಮಾಂತ್ರಿಕ ಆ ಬಾಗಿಲಿನಿಂದ ಹೊರಗೆ ನಡೆದ, ನಡೆಯುತ್ತಲೇ ಹೋದ. ಯಾವ ಹಾದಿ ಹಿಡಿದರೂ ಅದು ಅವನನ್ನು ಆ ನಾಡಿಗೆ ಮರಳಿ ತರಲಿಲ್ಲ. ಅವನ ಮಂತ್ರ ಹರಿದಾಗ ಗೊಂಬೆಗಳಾಗಿ ಹೋಗಿದ್ದ ಕುಂಬಾರನೂ ಉಳಿದವರೂ ಮನುಷ್ಯರಾಗಿ ಮನೆ ಸೇರಿದರು. ಹುಟ್ಟಾ ಗೊಂಬೆಗಳಾಗಿದ್ದವರ ಜೀವವೂ ನಾಲಿಗೆಯೂ ಅವರಿಗೇ ಉಳಿದವು.

ಕೋಟೆಯ ಆಟ ಈಗಲೂ ನಡೆಯುತ್ತದೆ, ಹೋದವರೆಲ್ಲ ಸಂಜೆಗೆ ಮನೆಗೆ ಬರುತ್ತಾರೆ. ರಾಜನೂ ಒಂದು ಸಲ ಹೋಗಿ ಹುಲಿಯ ಕೈಲಿ ಬೈಸಿಕೊಂಡು ಬಂದ. ಚಂದಲೆ ಈಗ ಮೊದಲು ದಾರಿ ನಡೆದು ನೋಡಿ ಆಮೇಲೆ ಬರೆಯುತ್ತಾಳೆ. ಪ್ರತಿ ಗೊಂಬೆಯ ಕೊನೆಯ ಮಾತಿನ ಜಾಗವನ್ನು ಖಾಲಿ ಬಿಡುತ್ತಾಳೆ, ಅದನ್ನು ಅವು ತಾವೇ ಆಡಿಕೊಳ್ಳುತ್ತವೆ. ಮಾಚಲೆ ನೀರಿಗೆ ಹೊರಟು "ಹೋಗಿ ಬರ್ತೀನಿ ಚಂದಿ" ಎಂದರೆ ಸಾಕು, ಚಂದಲೆ ಅರ್ಧ ಕೊರೆದ ಅಕ್ಷರವನ್ನು ಹಾಗೇ ಬಿಟ್ಟು ಎದ್ದು ಹೊಸ್ತಿಲವರೆಗೆ ಬರುತ್ತಾಳೆ. ಅಕ್ಕ ತಂಗಿ ಸುಖವಾಗಿದ್ದಾರೆ, ಅವರ ನಾಡೂ ಸುಖವಾಗಿದೆ. ಇಷ್ಟು ಹೊತ್ತು ಕೂತು ಕೇಳಿದಿರಿ, ನಿಮ್ಮ ಮನೆಯಲ್ಲೂ ಕಾಯುತ್ತಿರುತ್ತಾರೆ. ಹೋಗಿ ಬನ್ನಿ.