ಸಹಿ ಮಾಡಿದ ಮಗ

೧೯೮೪ರ ನವೆಂಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಕಾಪು ಠಾಣೆಗೆ ಬಂದ ಅಲೆಕ್ಸ್, ಕುರ್ಚಿ ತೋರಿಸಿದರೂ ಕೂರಲಿಲ್ಲ. ಬನ್ನಂಜೆಯಲ್ಲಿ ಅವನದೊಂದು ಮುದ್ರಣಾಲಯವಿತ್ತು. ಉದ್ಯಾವರದ ವೃದ್ಧಾಶ್ರಮದಲ್ಲಿದ್ದ ಅವನ ತಂದೆ ಇಮ್ಯಾನುಯೆಲ್ ಶನಿವಾರದಿಂದ ಕಾಣೆ. ಅಲ್ಲಿ ಕೆಲಸಕ್ಕಿದ್ದ ಬ್ಯಾಪ್ಟಿಸ್ಟ್ ಕೂಡ ಕಾಣೆ.

"ಅವನೇ ಕದ್ದುಕೊಂಡು ಹೋದದ್ದು ಸಾರ್. ಅಪ್ಪನ ಹೆಸರಿನಲ್ಲಿ ಜಾಗ ಉಂಟು. ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಕ್ಕೆ."

"ನಿಮ್ಮ ತಂದೆ ಅವನ ಬಗ್ಗೆ ಎಂತಾದರೂ ಹೇಳಿದ್ದರಾ?" ಸಬ್ ಇನ್ಸ್‌ಪೆಕ್ಟರ್ ರಘುಪತಿ ಕೇಳಿದರು.

"ಎರಡು ತಿಂಗಳಿಂದ ಅವರಿಗೆ ಮಾತೇ ಇಲ್ಲ. ಪ್ರಾಯ ಆಯ್ತಲ್ಲ."

ರಘುಪತಿ ಎಫ್‌ಐಆರ್ ದಾಖಲಿಸಿದರು. ಕಳ್ಳನ ಹೆಸರನ್ನೂ ಕಳ್ಳತನದ ಕಾರಣವನ್ನೂ ದೂರುದಾರರೇ ಹೊತ್ತು ತಂದರೆ ಪೊಲೀಸರಿಗೆ ಅರ್ಧ ಕೆಲಸ ಮುಗಿಯಿತು ಅನ್ನಿಸಬೇಕು. ರಘುಪತಿಯವರಿಗೆ ಮಾತ್ರ ಅಲ್ಲಿಂದಲೇ ಅನುಮಾನ ಶುರುವಾಗುತ್ತಿತ್ತು.

ಹನ್ನೊಂದು ಗಂಟೆಗೆ ವೃದ್ಧಾಶ್ರಮದಲ್ಲಿ ಪಂಚನಾಮೆ ನಡೆಯಿತು. ಮುದುಕರ ಬಟ್ಟೆ ಟ್ರಂಕಿನಲ್ಲೇ ಇತ್ತು, ಚಪ್ಪಲಿ ಮಂಚದ ಕೆಳಗಿತ್ತು. ಕನ್ನಡಕ, ಜಪಸರ ಮತ್ತು ಹಲ್ಲಿನ ಸೆಟ್ ಇರಲಿಲ್ಲ.

"ನಡೆಸಿಕೊಂಡು ಹೋಗಿಲ್ಲ, ಎತ್ತಿಕೊಂಡೇ ಹೋಗಿದ್ದಾನೆ," ಅಂದ ಕಾನ್‌ಸ್ಟೇಬಲ್ ರಾಮದಾಸ.

"ಅದು ಸರಿ. ಆದರೆ ಹೆಬ್ಬೆಟ್ಟು ಒತ್ತಿಸುವವನಿಗೆ ಹಲ್ಲಿನ ಸೆಟ್ ಯಾಕೆ ಮಾರಾಯ?"

ಉತ್ತರ ಆಯಾ ರತ್ನಾವತಿಯ ಹತ್ತಿರವಿತ್ತು. ಸೆರಗಿನ ತುದಿ ಹಿಂಡುತ್ತಾ ನಿಂತಿದ್ದ ಆಕೆಯನ್ನು ರಘುಪತಿ ಕೂರಿಸಿದರು.

"ಅಜ್ಜ ಊಟ ಮಾಡುತ್ತಿದ್ದರಾ?"

"ಇಲ್ಲ ಸಾರ್. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಬಾಯಿಗೆ ಅನ್ನ ಇಟ್ಟರೆ ಅದು ಅಲ್ಲೇ ಇರುತ್ತಿತ್ತು."

"ಡಾಕ್ಟರಿಗೆ ತೋರಿಸಲಿಲ್ಲವಾ?"

"ಮಣಿಪಾಲದಿಂದ ಸುಭಾಷಿಣಿ ಡಾಕ್ಟ್ರು ಬಂದಿದ್ದರು. ಮನಸ್ಸಿನ ಕಾಯಿಲೆಯ ಡಾಕ್ಟ್ರು. ಇದು ಪ್ರಾಯದ್ದಲ್ಲ, ಮದ್ದು ಉಂಟು, ಅಡ್ಮಿಟ್ ಮಾಡಿ, ಇಲ್ಲದಿದ್ದರೆ ಉಳಿಯುವುದಿಲ್ಲ ಅಂದರು. ಮಗ ಫೋನಿನಲ್ಲೇ ಬೇಡ ಅಂದುಬಿಟ್ಟರು."

"ಯಾಕೆ?"

"ಮೊಮ್ಮಗಳಿಗೆ ಸಂಬಂಧ ಬಂದಿದೆ ಅಲ್ವಾ." ಆಕೆ ದನಿ ತಗ್ಗಿಸಿದಳು. "ಬ್ಯಾಪ್ಟಿಸ್ಟ್ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ."

ಜೀಪು ನೇರ ಮಣಿಪಾಲಕ್ಕೆ ಹೋಯಿತು. ಡಾಕ್ಟರ್ ಸುಭಾಷಿಣಿಯವರದು ಎಂಟು ಹಾಸಿಗೆಗಳ ಸಣ್ಣ ನರ್ಸಿಂಗ್ ಹೋಮ್. ಇಮ್ಯಾನುಯೆಲ್ ಇಲ್ಲೇ ಇದ್ದಾರೆ, ಫೋನಿನಲ್ಲಿ ಬೇಡ ಅಂದಿದ್ದ ಮಗನೇ ಶನಿವಾರ ಬಂದು ಸೇರಿಸಿದರು ಎಂದು ಅವರು ಯಾವ ಅಳುಕೂ ಇಲ್ಲದೆ ಹೇಳಿದರು.

"ಮಗ ನಮ್ಮ ಠಾಣೆಗೆ ಬಂದು ದೂರು ಕೊಟ್ಟಿದ್ದಾನೆ ಮೇಡಂ. ಇದು ಮಗ ಎಂದು ನಿಮಗೆ ಹೇಳಿದವರು ಯಾರು?"

"ಇಮ್ಯಾನುಯೆಲ್ ಅವರೇ. ಎರಡು ತಿಂಗಳು ಬಾಯಿ ಬಿಡದವರು ಇಲ್ಲಿ ಅವನ ಕೈ ಹಿಡಿದುಕೊಂಡು 'ಪುತಾ' ಅಂದರು. ಕೊಂಕಣಿಯಲ್ಲಿ ಮಗನೇ ಎಂದಲ್ಲವಾ ಅರ್ಥ?"

ಉದ್ಯಾವರದ ಕ್ರಿಶ್ಚಿಯನ್ ಮನೆಗಳ ನಡುವೆ ಬೆಳೆದಿದ್ದ ರಾಮದಾಸನಿಗೆ ನಗು ತಡೆಯಲಾಗಲಿಲ್ಲ. "ಅರ್ಥ ಅದೇ ಮೇಡಂ. ಆದರೆ ಆ ಅಜ್ಜಂದಿರಿಗೆ ಹಾಲು ತರುವವನೂ ಪುತಾ, ಪೋಸ್ಟಿನವನೂ ಪುತಾ. ನನ್ನನ್ನೂ ಹಾಗೇ ಕರೆಯುತ್ತಿದ್ದರು."

ಸುಭಾಷಿಣಿಯವರ ಮುಖ ಕಳೆಗುಂದಿತು. ಒಪ್ಪಿಗೆಯ ಕಾಗದದಲ್ಲಿ ಬ್ಯಾಪ್ಟಿಸ್ಟ್ ಮಗನೆಂದು ಸಹಿ ಮಾಡಿದ್ದ.

ಒಳಗೆ ಅವನು ಮುದುಕರಿಗೆ ಗಂಜಿ ಕುಡಿಸುತ್ತಿದ್ದ. ಮೂವತ್ತೈದರ ಸಣಕಲು ಮನುಷ್ಯ. ಖಾಕಿ ಕಂಡರೂ ಏಳಲಿಲ್ಲ, ಬಟ್ಟಲು ಖಾಲಿಯಾಗುವವರೆಗೆ ಕಾಯಿರಿ ಎಂಬಂತೆ ಕಣ್ಣಲ್ಲೇ ಬೇಡಿಕೊಂಡ. ರಘುಪತಿ ಕಾದರು. ಕಾಯುವಾಗ ಅವರಿಗೆ ಅಲೆಕ್ಸನ ಮೇಲೆ ಸಿಟ್ಟೂ ಬಂತು.

ಅಷ್ಟರಲ್ಲಿ ವೃದ್ಧಾಶ್ರಮದಿಂದ ಸುದ್ದಿ ತಿಳಿದ ಅಲೆಕ್ಸ್ ಬಾಡಿಗೆ ಕಾರಿನಲ್ಲಿ ಬಂದಿಳಿದ. "ಅಪ್ಪನನ್ನು ಈಗಲೇ ಕರ್ಕೊಂಡು ಹೋಗುತ್ತೇನೆ. ಹುಚ್ಚರ ಆಸ್ಪತ್ರೆಯಲ್ಲಿದ್ದಾರೆ ಅಂತ ಗೊತ್ತಾದರೆ ಹುಡುಗನ ಮನೆಯವರು ಎಂತ ಹೇಳುವುದು? ನನ್ನ ಮಗಳ ಬದುಕು ಹಾಳಾಗುತ್ತದೆ ಸಾರ್."

ಅವನ ಹೆದರಿಕೆ ಸುಳ್ಳಲ್ಲ ಎಂಬುದು ರಘುಪತಿಯವರಿಗೂ ಗೊತ್ತಿತ್ತು. ಅವರು ಡಾಕ್ಟರ ಕಡೆ ತಿರುಗಿದರು. "ಕಳಿಸಬಹುದಾ?"

"ಈಗ ತಾನೇ ನುಂಗಲು ಶುರು ಮಾಡಿದ್ದಾರೆ. ಕರೆದೊಯ್ದರೆ ಮತ್ತೆ ಗೋಡೆಯ ಕಡೆ ತಿರುಗುತ್ತಾರೆ. ನಾನು ಬರೆದುಕೊಡುತ್ತೇನೆ, ಕಳಿಸುವ ಹಾಗಿಲ್ಲ."

"ಬರೆದುಕೊಡಿ. ಅಲೆಕ್ಸ್, ನಿಮ್ಮ ದೂರಿನ ಪ್ರಕಾರ ಇವನನ್ನು ಬಂಧಿಸುತ್ತೇನೆ. ತಂದೆ ಮಾತ್ರ ಇಲ್ಲೇ ಇರುತ್ತಾರೆ."

ಸಂಜೆ ಠಾಣೆಯಲ್ಲಿ ಬ್ಯಾಪ್ಟಿಸ್ಟನ ಹೇಳಿಕೆ ತೆಗೆದುಕೊಂಡರು.

"ಮಗ ಅಂತ ಯಾಕೆ ಸಹಿ ಹಾಕಿದೆ?"

"ನಾನಾಗಿ ಹೇಳಲಿಲ್ಲ ಸಾರ್. ಆಸ್ಪತ್ರೆಯವರೇ ಬರೆದುಕೊಂಡು ಮುಂದಿಟ್ಟರು. ಅಲ್ಲ ಅಂದಿದ್ದರೆ ಅಜ್ಜನನ್ನು ವಾಪಸ್ ಕಳಿಸುತ್ತಿದ್ದರು."

"ನಿನಗೆ ಅವರು ಎಂತ ಆಗಬೇಕು?"

"ಎಂತದೂ ಆಗಬೇಕಿಲ್ಲ. ಕಾರ್ಕಳದಲ್ಲಿ ನನ್ನ ಅಮ್ಮ ಹೀಗೇ ಊಟ ಬಿಟ್ಟಿದ್ದಳು. ಅಕ್ಕನಿಗೆ ಸಂಬಂಧ ನೋಡುತ್ತಿದ್ದರು. ಡಾಕ್ಟರ್ ಬೇಡ, ಮದುವೆ ಕಳೆಯಲಿ ಅಂದ ಅಪ್ಪ. ಮದುವೆ ಚಂದ ಆಯ್ತು ಸಾರ್. ಅಮ್ಮ ಇರಲಿಲ್ಲ."

ರಘುಪತಿ ಪೆನ್ನು ಕೆಳಗಿಟ್ಟರು.

"ಅಜ್ಜನಿಗೆ ರಾತ್ರಿಯ ಗಂಜಿ ಯಾರು ಕುಡಿಸುತ್ತಾರೆ ಸಾರ್? ನರ್ಸು ಕೊಟ್ಟರೆ ಬಾಯಿ ತೆರೆಯುವುದಿಲ್ಲ."

ರಘುಪತಿ ನರ್ಸಿಂಗ್ ಹೋಮಿಗೆ ಫೋನ್ ಮಾಡಿದರು. ಸುಭಾಷಿಣಿಯವರೇ ಎತ್ತಿದರು. ಅಲೆಕ್ಸ್ ಇನ್ನೂ ಹೋಗಿಲ್ಲ, ವರಾಂಡದ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಾನೆ ಅಂದರು.

"ಗಂಜಿ ಬಟ್ಟಲು ಅಲೆಕ್ಸ್ ಕೈಗೆ ಕೊಡಿ ಮೇಡಂ," ಅಂದರು ರಘುಪತಿ. "ಕೊಟ್ಟು ಒಳಗೆ ಕಳಿಸಿ."