ವಾಪಸು ಕರೆದ ಮಂಡಿ

ಅಚ್ಚುಮೊಳೆಗಳನ್ನೆಲ್ಲ ತೂಕಕ್ಕೆ ಹಾಕುವ ಸುದ್ದಿಯನ್ನು ಅಣ್ಣ ಊಟದ ನಡುವೆ ಹೇಳಿದ, ಹಳೇ ಡಬ್ಬ ಮಾರುವಷ್ಟು ಸಲೀಸಾಗಿ.

"ಗುಜರಿಯವನು ಮುಂದಿನ ವಾರ ಬರ್ತಾನೆ. ಪ್ರೆಸ್ ಮುಚ್ಚಿಬಿಡೋಣ. ಇನ್ನು ಯಾರಿಗೆ ಬೇಕೋ ಆ ಸೀಸ?"

ತಮ್ಮ ತಲೆ ಎತ್ತಲಿಲ್ಲ. ಪ್ರೆಸ್ಸು ಅಣ್ಣನ ಹೆಸರಿನಲ್ಲಿತ್ತು, ನಿಜ. ಆದರೆ ಆ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿ ಕಣ್ಣು ಸವೆಸಿದವನು ಇವನು. ಮದುವೆ ಮಾಡಿಕೊಳ್ಳಲಿಲ್ಲ, ಬೇರೆ ಕೆಲಸ ಕಲಿಯಲಿಲ್ಲ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂತಿರುತ್ತದೆ. ಇವನ ಕಣ್ಣಿಗೆ ಅದೇ ನೆಟ್ಟಗಿನ ಅಕ್ಷರ. ಅಂಥವನ ಬದುಕನ್ನೇ ಅಣ್ಣ ಎರಡು ತುತ್ತಿನ ನಡುವೆ ಗುಜರಿಗೆ ಹಾಕಿದ್ದ. ಆದರೂ ತಮ್ಮ ಊಟ ಪೂರ್ತಿ ಮುಗಿಸಿ, ತಟ್ಟೆ ತೊಳೆದಿಟ್ಟೇ ಎದ್ದ.

ದಾರಿ ತೋರಿಸಿದ್ದು ಆಸ್ಪತ್ರೆಯ ಫೋನು. ಅಣ್ಣನ ಎರಡೂ ಮಂಡಿಗಳಿಗೆ, ಬೇರೆ ಬೇರೆ ವರ್ಷಗಳಲ್ಲಿ, ಕೃತಕ ಕೀಲು ಕೂರಿಸಿದ್ದರು. ಅವುಗಳಲ್ಲಿ ಒಂದನ್ನು ತಯಾರಿಸಿದ ಕಂಪನಿ ಈಗ ತನ್ನ ಮಾಲನ್ನೆಲ್ಲ ವಾಪಸು ಕರೆಯುತ್ತಿದೆಯಂತೆ. ಪ್ಯಾಕಿಂಗ್ ಒಳಗೆ ಗಾಳಿ ಹೊಕ್ಕಿದ್ದರಿಂದ, ಲೋಹದ ನಡುವಿನ ಪ್ಲಾಸ್ಟಿಕ್ ಬಿಲ್ಲೆ ಬೇಗ ಸವೆದು ಒಡೆಯುತ್ತದಂತೆ.

"ಮಂಡಿ ಇದ್ದಕ್ಕಿದ್ದ ಹಾಗೆ ಕುಸಿಯಬಹುದು. ಮೆಟ್ಟಿಲ ಹತ್ರ ಹುಷಾರಾಗಿರೋಕೆ ಹೇಳಿ," ಎಂದಳು ಆಸ್ಪತ್ರೆಯವಳು. ತಮ್ಮ ಥ್ಯಾಂಕ್ಸ್ ಹೇಳಿದ. ಮನಸಾರೆ ಹೇಳಿದ.

ಅಣ್ಣನಿಗೆ ಅದೂ ತಮಾಷೆಯೇ. "ಮಂಡೀನ ವಾಪಸು ಕರೀತಿದ್ದಾರಂತೆ. ಅದೊಂದನ್ನೇ ಕಳಿಸಿದ್ರೆ ಸಾಕಾ, ನಾನೂ ಜೊತೇಲಿ ಹೋಗಬೇಕಾ?"

ತಮ್ಮನೂ ನಕ್ಕ. ಜೊತೆಯಲ್ಲೇ ಕಳಿಸುವುದೆಂದು ಅಷ್ಟರಲ್ಲಿ ನಿರ್ಧರಿಸಿಯಾಗಿತ್ತು.

ಕೆಳಗೆ ಪ್ರೆಸ್ಸು, ಮೇಲೆ ಮನೆ, ನಡುವೆ ಕಡಿದಾದ ಕಲ್ಲಿನ ಮೆಟ್ಟಿಲು. ಮಧ್ಯಾಹ್ನ ಅತ್ತಿಗೆ ತನ್ನ ತಂಗಿಯ ಮನೆಗೆ ಹೋದರೆ ಮೇಲೆ ಕೆಳಗೆ ಇವರಿಬ್ಬರೇ. ಅಣ್ಣ ಬಿದ್ದರೆ ಬಯ್ಯಿಸಿಕೊಳ್ಳುವುದು ಎಲ್ಲೋ ಇರುವ ಕಂಪನಿ. ಆದರೆ ಕಂಪನಿಯವರೂ ಸುಮ್ಮನಿರುವುದಿಲ್ಲ. ಸತ್ತವನ ಕಾಲಿನಿಂದಲೂ ಕೀಲು ತೆಗೆಸಿ ನೋಡುತ್ತಾರೆ. ಬಿಲ್ಲೆ ಗಟ್ಟಿಯಾಗಿದ್ದರೆ ಕತೆ ಕೆಟ್ಟಿತು. ಹಾಗಾಗಿ ಬಿದ್ದ ಮೇಲೆ ಆ ಮಂಡಿಗೆ ಸರಿಯಾಗಿ ಏಟು ಹಾಕಬೇಕು. ಎದ್ದುನಿಂತ ಮೊಳೆಗಳನ್ನು ತಟ್ಟಿ ಕೂರಿಸುವ ಮರದ ಸುತ್ತಿಗೆ ಇತ್ತು. ಬಟ್ಟೆ ಸುತ್ತಿದರೆ ಗುರುತೂ ಉಳಿಯದು.

ಯಾವ ಮಂಡಿ? ಕೇಳುವ ಹಾಗಿಲ್ಲ. ಇವತ್ತು ಕೇಳಿದ್ದು ನಾಳೆ ಯಾರಿಗಾದರೂ ನೆನಪಾಗುತ್ತದೆ. ಫೋನು ಬಂದ ಮೇಲೆ ಅಣ್ಣ ಆಸ್ಪತ್ರೆಗೆ ಹೋಗಿ ತೆಗೆಸಿ ತಂದಿದ್ದ ಎಕ್ಸ್‌ರೇ ಕಪಾಟಿನ ಮೇಲಿತ್ತು. ಯಾರೂ ಇಲ್ಲದಾಗ ಅದನ್ನು ಲಕೋಟೆಯಿಂದ ಎಳೆದು ಕಿಟಕಿಯ ಗಾಜಿಗೆ ಹಿಡಿದ. ಮೂಲೆಯಲ್ಲಿದ್ದ ಹೆಸರು ಓದಿದ, ಅಣ್ಣನದೇ. ಅಕ್ಕಪಕ್ಕ ಎರಡು ಮಂಡಿ, ಒಂದರ ಸುತ್ತ ಡಾಕ್ಟರ ಕೆಂಪು ಪೆನ್ಸಿಲಿನ ಸುತ್ತು. ಸುತ್ತು ಇವನ ಬಲಕ್ಕಿತ್ತು. ದಡ್ಡನಾಗಿದ್ದರೆ ಬಲಗಾಲು ಅಂದುಕೊಳ್ಳುತ್ತಿದ್ದ. ಎಕ್ಸ್‌ರೇಯಲ್ಲಿ ಮನುಷ್ಯ ಫೋಟೊದಲ್ಲಿದ್ದಂತೆ ಎದುರು ನಿಂತಿರುತ್ತಾನೆ, ನಮ್ಮ ಬಲಕ್ಕಿರುವುದು ಅವನ ಎಡಗಾಲು. ಎಡಬಲ ತಿರುಗಿಸಿ ನೋಡುವುದನ್ನು ಇವನಿಗೆ ಯಾರು ಕಲಿಸಬೇಕು?

ಮರುದಿನ ಮಧ್ಯಾಹ್ನ ಅತ್ತಿಗೆ ಹೊರಟ ಮೇಲೆ, ಮೊಳೆಗಳ ತೂಕದ ಲೆಕ್ಕ ಕೇಳುವ ನೆಪದಲ್ಲಿ ಅಣ್ಣನನ್ನು ಕೆಳಗೆ ಕರೆದ. ಮೇಲಿನ ಮೆಟ್ಟಿಲಲ್ಲಿ ಅಣ್ಣ ಇವನ ಭುಜ ಹಿಡಿದು, "ನಿಧಾನ ಮಾಡೋ, ನನ್ನ ಮಂಡಿ ಕಂಪನಿ ಸೊತ್ತು," ಎಂದ. ಇವನು ಆ ಕೈಯನ್ನು ಮೆಲ್ಲನೆ ಬಿಡಿಸಿಕೊಂಡ. ಆಮೇಲೆ ತಳ್ಳಿದ.

ಎಡ ಮಂಡಿಗೆ ಒಂದೇ ಏಟು. ಒಳಗೆ ಏನೋ ಲಟಕ್ಕೆಂದಿತು. ಸುತ್ತಿಗೆ ತನ್ನ ಜಾಗಕ್ಕೆ ಹೋಯಿತು, ಬಟ್ಟೆ ಒಲೆಗೆ ಹೋಯಿತು.

"ಕೊನೇ ಗಳಿಗೇಲಿ ನೀನು ಜೊತೇಲಿದ್ದೆಯಲ್ಲ, ಅದೊಂದೇ ನನಗೆ ಸಮಾಧಾನ," ಎಂದು ಅತ್ತಿಗೆ ಇವನ ಕೈ ಹಿಡಿದು ಅತ್ತಳು. ಇವನೂ ಅತ್ತ. ಅಳು ನಿಜವಾಗಿಯೇ ಬಂತು.

ಆ ವಾರವೇ, ಅಣ್ಣನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರಮ್ಮ ಪೊಲೀಸ್ ಅಧಿಕಾರಿಯೊಬ್ಬರನ್ನು ಕರೆದುಕೊಂಡು ಪ್ರೆಸ್ಸಿಗೆ ಬಂದರು. ಕೈಯಲ್ಲಿ ಅದೇ ಎಕ್ಸ್‌ರೇ, ಅತ್ತಿಗೆ ಕೊಟ್ಟಿದ್ದು.

"ನೀವು ಕಣ್ಣಾರೆ ನೋಡಿದ್ದು ಏನು?" ಎಂದರು ಡಾಕ್ಟರಮ್ಮ.

"ಎಡ ಮಂಡಿ ಕುಸೀತು ಮೇಡಂ. ಹಿಡಿಯೋಕೆ ಕೈ ಚಾಚಿದೆ, ಸಿಗಲಿಲ್ಲ. ಕಂಪನಿ ವಾಪಸು ಕರೆದಿದ್ದೂ ಅದನ್ನೇ ಅಲ್ವಾ?"

"ಎಡಗಾಲು ಅಂತ ನಿಮಗೆ ಯಾರು ಹೇಳಿದ್ರು?"

"ನೀವೇ ಸುತ್ತು ಹಾಕಿದ್ರಲ್ಲ, ಫಿಲ್ಮ್ ಮೇಲೆ."

"ಒಡೆದಿರೋದು ಎಡಗಾಲಿಂದೇ. ಆದರೆ ಅದು ಬೇರೆ ಕಂಪನೀದು, ಗಟ್ಟಿ ಮಾಲು. ವಾಪಸು ಕರೆದದ್ದು ಬಲಗಾಲಿಂದು. ಅದರ ಬಿಲ್ಲೆಗೆ ಒಂದು ಗೀರೂ ಬಿದ್ದಿಲ್ಲ."

ಡಾಕ್ಟರಮ್ಮ ಫಿಲ್ಮನ್ನು ಕಿಟಕಿಯ ಗಾಜಿಗೆ ಹಿಡಿದರು. ಕೆಂಪು ಸುತ್ತು ಈಗ ಎಡಕ್ಕಿತ್ತು. "ಉಲ್ಟಾ ಹಿಡಿದಿದ್ದೀರಿ ಮೇಡಂ," ಎಂದ ತಮ್ಮ, ನಗುತ್ತಲೇ. "ಹೆಸರು ಓದಿ," ಎಂದರು ಅವರು. ಅಧಿಕಾರಿಯೂ ಬಗ್ಗಿ ನೋಡಿದರು. ಮೂಲೆಯಲ್ಲಿ ಅಣ್ಣನ ಹೆಸರು, ಎಲ್ಲರೂ ಓದುವ ಹಾಗೆ, ನೆಟ್ಟಗಿತ್ತು. ತಮ್ಮನ ನಗು ಅಲ್ಲೇ ಆರಿತು. ಅವತ್ತು ಅದೇ ಹೆಸರು ಮೊಳೆಯ ಮೇಲಿನ ಅಕ್ಷರದಂತೆ ತಿರುಗಿ ಕೂತಿತ್ತು, ಇವನು ಒಂದಿಷ್ಟೂ ತಡವರಿಸದೆ ಓದಿದ್ದ.